ಕಂಬಳಿಯ ಸೀಮೆ ತಳಕು

ಚಿತ್ರದುರ್ಗದ ಕೋಟೆಯನ್ನು ಬೆನ್ನಿಗೆ ಬಿಟ್ಟು ಈಶಾನ್ಯಕ್ಕೆ ಮುಖಮಾಡಿ ಹೊರಟವರಿಗೆ ಮೊದಲು ಎದುರಾಗುವ ಪೇಟೆ ಚಳ್ಳಕೆರೆ. ಶೇಂಗಾ ಎಣ್ಣೆಯ ಗಿರಣಿಗಳಿಂದ 'ಎಣ್ಣೆಯ ನಗರ' ಎಂದು ಹೆಸರು ಪಡೆದ ಊರು ಇದು. ಅಲ್ಲಿಂದ ಬಳ್ಳಾರಿಯ ಹೆದ್ದಾರಿಯಲ್ಲಿ ಸುಮಾರು 20 ಕಿಲೋಮೀಟರು ಸಾಗಿದರೆ ತಳಕು. ಇನ್ನೂ ಮುಂದೆ ಹೋದರೆ ಮೊಳಕಾಲ್ಮೂರು ತಾಲ್ಲೂಕಿನ ಬಂಡೆಗಲ್ಲಿನ ಬೆಟ್ಟಗಳು. ದಾರಿಯ ಎರಡು ಪಕ್ಕಗಳಲ್ಲಿಯೂ ಕಣ್ಣು ಹಾಯುವವರೆಗೆ ಬಯಲು. ಅಲ್ಲಲ್ಲಿ ಜಾಲಿ, ಶೇಂಗಾದ ಹೊಲ, ದೂರದಲ್ಲಿ ನೆಲಕ್ಕೆ ಅಂಟಿದ ಮೋಡದ ನೆರಳಿನಂತೆ ಮೆಲ್ಲನೆ ಸರಿಯುವ ಕುರಿಯ ಹಿಂಡು. ಮಲೆನಾಡಿನ ಹಸಿರನ್ನು ನೋಡಿ ಬಂದ ಕಣ್ಣಿಗೆ ಈ ನೆಲ ಬಡವಾಗಿ ತೋರಬಹುದು. ಆದರೆ ಈ ಬಡತನದ ಮಡಿಲಿನಲ್ಲಿ ಎರಡು ಸಂಪತ್ತುಗಳು ಹುಟ್ಟಿ ಬೆಳೆದಿವೆ: ಒಂದು ಉಣ್ಣೆ, ಇನ್ನೊಂದು ರೇಷ್ಮೆ. ಮೂರನೆಯದನ್ನೂ ಹೇಳುವುದಾದರೆ, ಅದು ಕನ್ನಡ.

ಕನ್ನಡದ ಓದುಗರಿಗೆ ತಳಕು ಅಪರಿಚಿತವಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕನ್ನಡ ಪ್ರಾಧ್ಯಾಪಕರಾದ ಟಿ. ಎಸ್. ವೆಂಕಣ್ಣಯ್ಯನವರ ಹೆಸರಿನ ಮೊದಲ ಅಕ್ಷರ ಈ ಊರೇ. ಕುವೆಂಪು ಅವರು ತಮ್ಮ 'ಶ್ರೀ ರಾಮಾಯಣ ದರ್ಶನಂ' ಮಹಾಕಾವ್ಯವನ್ನು ಅರ್ಪಿಸಿದ್ದು ಈ ಗುರುವಿಗೆ. ವೆಂಕಣ್ಣಯ್ಯನವರ ತಮ್ಮಂದಿರಾದ ತ. ಸು. ಶಾಮರಾಯರು ವಿದ್ವಾಂಸರಾಗಿ ಹೆಸರಾದರು. ಅದೇ ಮನೆತನದ ತ. ರಾ. ಸುಬ್ಬರಾಯರು, ನಾಡು ಪ್ರೀತಿಯಿಂದ ಕರೆದ ತ.ರಾ.ಸು., ದುರ್ಗದ ಪಾಳೆಯಗಾರರ ಕಥೆಯನ್ನು ಕಾದಂಬರಿಗಳಾಗಿ ಹೆಣೆದರು.

'ತಳಕು' ಎಂಬ ಮಾತಿಗೆ ಕನ್ನಡದಲ್ಲಿ ಹೆಣಿಗೆ, ಒಂದರೊಡನೊಂದು ಸುತ್ತಿಕೊಂಡಿರುವುದು ಎಂಬ ಅರ್ಥವೂ ಉಂಟು. ಎರಡು ಸಂಗತಿಗಳಿಗೆ 'ತಳಕು ಹಾಕಿದರು' ಎನ್ನುತ್ತೇವಲ್ಲವೆ? ಊರಿನ ಹೆಸರು ಅದರಿಂದಲೇ ಬಂದಿತೆನ್ನುವುದು ಸಾಹಸದ ಮಾತಾದೀತು. ಆದರೂ ಹಾಸು ಮತ್ತು ಹೊಕ್ಕುಗಳನ್ನು ಹೆಣೆದು ಬದುಕು ಕಟ್ಟಿಕೊಂಡ ಸೀಮೆಯ ನಡುವಣ ಊರಿಗೆ ಈ ಹೆಸರು ಎಷ್ಟು ಚೆನ್ನಾಗಿ ಒಪ್ಪುತ್ತದೆ!

ಹುತ್ತದಿಂದ ಬಂದ ಕುರಿ

ಈ ಭಾಗದಲ್ಲಿ ವರ್ಷಕ್ಕೆ ಬೀಳುವ ಮಳೆ 500 ಮಿಲಿಮೀಟರಿನ ಆಸುಪಾಸು. ಅದೂ ನಂಬಿಕೆಗೆ ಅರ್ಹವಲ್ಲದ ಮಳೆ. ಬೆಳೆ ಕೈಕೊಟ್ಟ ವರ್ಷದಲ್ಲಿಯೂ ಹುಲ್ಲು ಒಂದಿಷ್ಟು ಚಿಗುರುತ್ತದೆ. ಆ ಹುಲ್ಲನ್ನು ಅನ್ನವಾಗಿಯೂ ಬಟ್ಟೆಯಾಗಿಯೂ ಮಾಡಬಲ್ಲ ಪ್ರಾಣಿ ಕುರಿ. ಆದುದರಿಂದಲೇ ಕುರುಬರು, ಕಾಡುಗೊಲ್ಲರು, ಮ್ಯಾಸಬೇಡರು ಶತಮಾನಗಳಿಂದ ಇಲ್ಲಿ ಪಶುಪಾಲನೆಯನ್ನೇ ನೆಚ್ಚಿಕೊಂಡರು. ಗೊಲ್ಲರ ಹಟ್ಟಿಗಳ ಜುಂಜಪ್ಪ, ಎತ್ತಪ್ಪರು ದನಕುರಿಗಳ ನಡುವೆಯೇ ದೇವರಾದ ವೀರರು.

ಕುರಿ ಹೇಗೆ ಹುಟ್ಟಿತೆಂಬುದಕ್ಕೆ ಹಾಲುಮತದವರಲ್ಲಿ ಒಂದು ಸೊಗಸಾದ ಕಥೆಯಿದೆ. ಉಂಡಾಡು ಪದ್ಮಣ್ಣನು ಹುತ್ತವೊಂದನ್ನು ಒಡೆದಾಗ ಅದರೊಳಗಿಂದ ಕುರಿಗಳು ಹೊಳೆಯಂತೆ ಹೊರಬಂದುವಂತೆ. ಮದುವೆಯಲ್ಲಿ ಕೈಗೆ ಕಟ್ಟುವ ಕಂಕಣವನ್ನು ಹಿಡಿದೇ ಕುರುಬರಲ್ಲಿ ಉಣ್ಣೆಕಂಕಣ, ಹತ್ತಿಕಂಕಣ ಎಂಬ ಎರಡು ಪಂಗಡಗಳು ಆಗಿವೆ. ನೂಲಿನ ಎಳೆಯೊಂದು ವಂಶದ ಗುರುತಾಗುವಷ್ಟರ ಮಟ್ಟಿಗೆ ಇಲ್ಲಿಯ ಬಾಳು ಮಗ್ಗಕ್ಕೆ ಹತ್ತಿರ. ದೇವರ ಗದ್ದಿಗೆಗೆ ಹಾಸುವುದೂ ಕರಿಯ ಕಂಬಳಿಯನ್ನೇ. ಪಟ್ಟೆಪೀತಾಂಬರಗಳಿಗಿಂತ ಅದು ಮಡಿಯೆಂದು ನಂಬಿದ ಜನ ಇವರು.

ಈ ಸೀಮೆಯ ಹಳೆಯ ಕುರಿ ದಖ್ಖನಿ ತಳಿಯದು. ಬಣ್ಣ ಹೆಚ್ಚಾಗಿ ಕಪ್ಪು, ಉಣ್ಣೆ ಒರಟು. ಎಳೆಯ ನಡುವೆ ಟೊಳ್ಳು ಇರುವುದರಿಂದ ಅದು ಆಸ್ಟ್ರೇಲಿಯದ ಮೆರಿನೋ ಉಣ್ಣೆಯಂತೆ ಮೃದುವಲ್ಲ. ಮೆರಿನೋ ಕುರಿ ವರ್ಷಕ್ಕೆ ನಾಲ್ಕೈದು ಕಿಲೋ ಉಣ್ಣೆ ಕೊಟ್ಟರೆ ದಖ್ಖನಿ ಕುರಿ ಕೊಡುವುದು ಒಂದು ಕಿಲೋಗಿಂತ ಕಡಿಮೆ. ಆದರೆ ಬಿಸಿಲಿನಲ್ಲಿ ಹರದಾರಿಗಟ್ಟಲೆ ನಡೆದು, ಒಣಹುಲ್ಲನ್ನು ಮೇದು, ಬಯಲಿನ ಗಾಳಿಮಳೆಗೆ ಮೈಯೊಡ್ಡಿ ಬದುಕುವ ಶಕ್ತಿ ಮೆರಿನೋಗೆ ಎಲ್ಲಿಂದ ಬರಬೇಕು? ಒರಟು ನೆಲಕ್ಕೆ ಒರಟು ಉಣ್ಣೆಯೇ ತಕ್ಕದ್ದು.

ಕೈಯಿಂದ ಕೈಗೆ

ಕಂಬಳಿಯೊಂದು ಆಗಬೇಕಾದರೆ ಮನೆಮಂದಿಯೆಲ್ಲ ದುಡಿಯಬೇಕು. ವರ್ಷಕ್ಕೆ ಎರಡು ಬಾರಿ ಕುರಿಯ ತುಪ್ಪಟವನ್ನು ಕತ್ತರಿಸುತ್ತಾರೆ. ಕಪ್ಪು, ಬಿಳಿ, ಕಂದು ಎಂದು ಬಣ್ಣಗಳನ್ನು ವಿಂಗಡಿಸಿ, ಮುಳ್ಳು ಕಸಗಳನ್ನು ಆರಿಸಿ ತೆಗೆದು, ಬಿಲ್ಲಿನ ಹೆದೆಯಿಂದ ಮಿಡಿದು ಉಣ್ಣೆಯನ್ನು ಹಿಂಜುತ್ತಾರೆ. ಹಿಂಜಿದ ಉಣ್ಣೆ ಹಂಜಿಯಾಗಿ ಹೆಂಗಸರ ಕೈಗೆ ಬರುತ್ತದೆ. ಮನೆಯ ಅಜ್ಜಿ ಜಗಲಿಯ ಮೇಲೆ ಕುಳಿತು ಮಾತನಾಡುತ್ತಲೇ ಎಳೆ ತೆಗೆಯುತ್ತಾಳೆ. ನೋಟ ಬೀದಿಯ ಮೇಲಿದ್ದರೂ ಬೆರಳು ನೂಲಿನ ಮೇಲೆ. ಎಳೆಯ ದಪ್ಪವನ್ನು ಅಳೆಯುವ ಉಪಕರಣ ಆ ಬೆರಳಲ್ಲದೆ ಬೇರೆ ಇಲ್ಲ.

ಹಾಸಿನ ನೂಲು ಮಗ್ಗದ ಎಳೆತವನ್ನು ತಡೆಯಬೇಕು. ಅದಕ್ಕಾಗಿ ಹುಣಿಸೆಬೀಜವನ್ನು ಅರೆದು ಬೇಯಿಸಿ ಮಾಡಿದ ಅಂಟುಗಂಜಿಯನ್ನು ದೊಡ್ಡ ಕುಂಚದಿಂದ ಬಳಿಯುತ್ತಾರೆ. ಬೀದಿಯ ಉದ್ದಕ್ಕೆ ಹಾಸನ್ನು ಚಾಚಿ, ಎಳೆ ಎಳೆಗೆ ಗಂಜಿ ಹತ್ತುವಂತೆ ತೀಡುವ ಈ ಕೆಲಸ ಹೊತ್ತು ನೋಡಿ ಮಾಡಬೇಕಾದುದು. ಮಳೆ ಬಂದರೆ ಎಲ್ಲ ಕೆಟ್ಟಿತು. ಬೀಜದ ಅಂಟಿನಿಂದ ನೂಲು ಬಿರುಸಾಗುತ್ತದೆ, ಎದ್ದುನಿಂತ ಕೂದಲು ಮಲಗುತ್ತದೆ. ಹಣ್ಣನ್ನು ಸಾರಿಗೆ ಕಳುಹಿಸಿ ಬೀಜವನ್ನು ಮಗ್ಗಕ್ಕೆ ಉಳಿಸಿಕೊಂಡ ಈ ಜಾಣ್ಮೆಯನ್ನು ಯಾವ ಪಾಠಶಾಲೆಯೂ ಕಲಿಸಿದ್ದಲ್ಲ.

ಕಡೆಗೆ ಕುಳಿಮಗ್ಗ. ನೆಲದಲ್ಲಿ ತೋಡಿದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕುಳಿತ ನೇಕಾರ ಕಾಲಿನಿಂದ ಹಾಸನ್ನು ತೆರೆದು, ಕೈಯಿಂದ ಹೊಕ್ಕನ್ನು ಹಾಯಿಸಿ ಬಡಿಯುತ್ತಾನೆ. ಬಣ್ಣ ಹಾಕುವ ಗೋಜಿಲ್ಲ. ಕುರಿಯ ಮೈಬಣ್ಣವೇ ಕಂಬಳಿಯ ಬಣ್ಣ. ಕರಿಯ ಮೈಗೆ ಬಿಳಿಯ ಗೆರೆಯ ಅಂಚು ಬಂದರೆ ಅದೇ ಅಲಂಕಾರ.

ಹೀಗೆ ಹುಟ್ಟಿದ ಕಂಬಳಿ ಮಳೆಯಲ್ಲಿ ಕೊಪ್ಪೆ, ಬಿಸಿಲಿನಲ್ಲಿ ಚಪ್ಪರ, ರಾತ್ರಿ ಹಾಸಿಗೆ, ಕಣದಲ್ಲಿ ರಾಶಿಯ ಹೊದಿಕೆ. ಉಣ್ಣೆ ತನ್ನ ತೂಕದ ಮೂರರಲ್ಲೊಂದು ಪಾಲಿನಷ್ಟು ತೇವವನ್ನು ಹೀರಿಯೂ ಮೈಗೆ ಒದ್ದೆಯೆನಿಸುವುದಿಲ್ಲವೆಂದು ವಿಜ್ಞಾನ ಹೇಳುತ್ತದೆ. ಬಯಲಿನಲ್ಲಿ ಮಂದೆ ಕಾಯುತ್ತ ಮಲಗುವ ಕುರಿಗಾಹಿಗೆ ಈ ವಿಷಯ ಯಾವ ಪುಸ್ತಕದ ನೆರವೂ ಇಲ್ಲದೆ ತಿಳಿದಿತ್ತು. ಸಂಸ್ಕೃತದ 'ಕಂಬಲ' ಕನ್ನಡದಲ್ಲಿ ಕಂಬಳಿಯಾಗಿ ಉಳಿದಿದ್ದಷ್ಟೇ ಅಲ್ಲ, ಇಂಗ್ಲಿಷರ ಬಾಯಲ್ಲಿ 'ಕಂಬ್ಲಿ'ಯಾಗಿ 1886ರಲ್ಲಿ ಅಚ್ಚಾದ 'ಹಾಬ್ಸನ್-ಜಾಬ್ಸನ್' ನಿಘಂಟನ್ನೂ ಸೇರಿತು.

ಕಡಲಾಚೆಯ ಬಂಧುಗಳು

ಹೊರಗಿನ ಲೋಕಕ್ಕೂ ಈ ಸೀಮೆಗೂ ಇರುವ ನಂಟು ಹೊಸದಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿವೆ. ಅವನ್ನು 1892ರಲ್ಲಿ ಬೆಳಕಿಗೆ ತಂದವರು ಬಿ. ಎಲ್. ರೈಸ್. ಆ ಶಾಸನವನ್ನು ಬರೆದ ಚಪಡನೆಂಬ ಲಿಪಿಕಾರ ಎಲ್ಲವನ್ನೂ ಬ್ರಾಹ್ಮಿಯಲ್ಲಿ ಬರೆದು, ತನ್ನ ಕಸುಬನ್ನು ಹೇಳುವ ಒಂದು ಪದವನ್ನು ಮಾತ್ರ ಖರೋಷ್ಠಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ಗಾಂಧಾರದ ಕಡೆಯ ಲಿಪಿ. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ ವಾಯವ್ಯದ ಲಿಪಿ ಬಲ್ಲ ಕುಶಲಿಯೊಬ್ಬನು ಈ ಬಂಡೆಯ ಮೇಲೆ ತನ್ನ ಕೈಗುರುತನ್ನು ಬಿಟ್ಟುಹೋದ. ಕುಶಲಕರ್ಮಿಗೆ ದೇಶಗಳ ಗಡಿ ಎಂದೂ ಅಡ್ಡಬಂದಿಲ್ಲ.

ಕಂಬಳಿಗೂ ಕಡಲಾಚೆ ಬಂಧುಗಳುಂಟು. ಅಮೆರಿಕದ ನೈರುತ್ಯದ ಮರುಭೂಮಿಯಲ್ಲಿ ನವಾಹೋ ಎಂಬ ಮೂಲನಿವಾಸಿಗಳಿದ್ದಾರೆ. ತಮಗೆ ನೇಯ್ಗೆಯನ್ನು ಕಲಿಸಿದವಳು ಜೇಡಮಾತೆ ಎಂದು ಅವರ ನಂಬಿಕೆ. ಹುತ್ತದಿಂದ ಕುರಿ ಬಂದ ಕಥೆಯನ್ನು ಕೇಳಿದವರಿಗೆ ಜೇಡನು ಮಗ್ಗ ಹೂಡಿದ ಕಥೆ ನೆರೆಮನೆಯದೆಂದೇ ತೋರೀತು. ಸ್ಪೇನಿನವರು ತಂದ ಕುರಿಯನ್ನು ಅವರು ತಮ್ಮದಾಗಿಸಿಕೊಂಡು, ಅದರ ಉಣ್ಣೆಯಿಂದ ನೆಯ್ದ ಕಂಬಳಿಗಳನ್ನು ಇಂದು ವಸ್ತುಸಂಗ್ರಹಾಲಯಗಳು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿವೆ. ಆದರೆ 1930ರ ದಶಕದಲ್ಲಿ, ಮೇವಿನ ನೆಲ ಸವೆಯುತ್ತಿದೆಯೆಂಬ ಕಾರಣದಿಂದ, ಅಲ್ಲಿಯ ಸರ್ಕಾರ ಅವರ ಹಿಂಡುಗಳನ್ನು ಬಲವಂತವಾಗಿ ಇಳಿಸಿತು. ಲಕ್ಷಗಟ್ಟಲೆ ಕುರಿಮೇಕೆಗಳು ಹೋದವು. ಉಳಿದ ಹಳೆಯ ತಳಿ ಅಳಿವಿನ ಅಂಚಿಗೆ ಬಂದಾಗ, 1977ರಲ್ಲಿ ಆರಂಭವಾದ ಒಂದು ಯೋಜನೆ ಅಳಿದುಳಿದ ಕುರಿಗಳನ್ನು ಹುಡುಕಿ ಕೂಡಿಸಿ ತಳಿಯನ್ನು ಮತ್ತೆ ಬೆಳೆಸಿತು.

ಸ್ಕಾಟ್ಲೆಂಡಿನ ಪಶ್ಚಿಮದ ದ್ವೀಪಗಳಲ್ಲಿ ಇನ್ನೊಂದು ಬಗೆಯ ಕಥೆ. ಅಲ್ಲಿಯ ಬಡ ರೈತರು ನೆಯ್ಯುತ್ತಿದ್ದ ಒರಟು ಉಣ್ಣೆಬಟ್ಟೆ 'ಹ್ಯಾರಿಸ್ ಟ್ವೀಡ್'. 1840ರ ದಶಕದಲ್ಲಿ ಡನ್‌ಮೋರ್ ಎಂಬ ಶ್ರೀಮಂತ ಮನೆತನದ ಮಹಿಳೆ ಅದನ್ನು ದೊರೆಗಳ ಮೈಗೇರಿಸಿದಳು. 1993ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಒಂದು ಶಾಸನವನ್ನೇ ಮಾಡಿತು: ಆ ದ್ವೀಪಗಳಲ್ಲಿ, ನೇಕಾರನ ಸ್ವಂತ ಮನೆಯಲ್ಲಿ, ಕೈಯಿಂದ ನೆಯ್ದದ್ದಕ್ಕೆ ಮಾತ್ರ ಆ ಹೆಸರು. ಒರಟು ಎಂಬುದು ಅಲ್ಲಿ ಕೊರತೆಯಾಗಲಿಲ್ಲ, ಬೆಲೆಯಾಯಿತು.

ರೇಷ್ಮೆಯ ನೆರೆಮನೆ

ತಳಕಿನಿಂದ ಮುಂದೆ ಮೊಳಕಾಲ್ಮೂರು ಸೀಮೆಗೆ ಕಾಲಿಟ್ಟರೆ ಮಗ್ಗದ ದನಿ ಬದಲಾಗುತ್ತದೆ. ಕೊಂಡ್ಲಹಳ್ಳಿ, ಕೊನಸಾಗರ ಮೊದಲಾದ ಊರುಗಳಲ್ಲಿ ನೆಯ್ಯುವುದು ರೇಷ್ಮೆ. ಮೊಳಕಾಲ್ಮೂರು ಸೀರೆಯ ಮೈಮೇಲೆ ಹಣ್ಣು, ಹೂವು, ಪ್ರಾಣಿಗಳು. ಒಂದು ಬಗೆಯಲ್ಲಿ ಅಗಲವಾದ ಅಂಚಿನ ತುಂಬ ಬುಗುಡಿ, ಇನ್ನೊಂದರಲ್ಲಿ ಅಂಚಿನಲ್ಲಿ ಗೋಪುರದ ಸಾಲು, ಒಡಲಿನಲ್ಲಿ ದೊಡ್ಡ ನವಿಲು. ಒಡಲು ಒಂದು ಬಣ್ಣ, ಅಂಚು ಅದಕ್ಕೆ ಎದುರಾದ ಇನ್ನೊಂದು ಬಣ್ಣ ಬರಬೇಕಾದರೆ ಮೂರು ಲಾಳಿಗಳು ಬೇಕು: ಒಡಲಿಗೊಂದು, ಎರಡು ಅಂಚುಗಳಿಗೆ ಒಂದೊಂದು. ಬಣ್ಣಗಳು ಕೂಡುವ ಗೆರೆಯಲ್ಲಿ ಎಳೆಗಳು ಒಂದನ್ನೊಂದು ತಬ್ಬಿಕೊಂಡು ಹಿಂದಿರುಗುತ್ತವೆ. ಒಬ್ಬನ ಕೈಯಿಂದ ಸಾಗದ ಕೆಲಸವಿದು. ಮಗ್ಗದ ಪಕ್ಕದಲ್ಲಿ ಇನ್ನೊಂದು ಜೀವ ಕುಳಿತು ಲಾಳಿಯನ್ನು ಹಿಂದಕ್ಕೆ ಕೊಡಬೇಕು.

ಈ ಸೀರೆಗೆ 2011ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಹ್ಯಾರಿಸ್ ಟ್ವೀಡಿಗೆ ಶಾಸನ ಕೊಟ್ಟ ರಕ್ಷಣೆಗೆ ಇದು ತಕ್ಕಮಟ್ಟಿಗೆ ಸಮಾನವಾದುದು. ಮೊಳಕಾಲ್ಮೂರು ಎಂಬ ಹೆಸರನ್ನು ಬೇರೆಲ್ಲೋ ಯಂತ್ರದಲ್ಲಿ ಮಾಡಿದ ಬಟ್ಟೆಗೆ ಅಂಟಿಸುವಂತಿಲ್ಲ. ಆದರೆ ಗುರುತಿನ ಚೀಟಿ ಮಗ್ಗವನ್ನು ತಾನೇ ನಡೆಸಲಾರದು. ಕೊಳ್ಳುವವರು ಕೇಳಿ ಕೊಂಡರೆ ಮಾತ್ರ ಅದಕ್ಕೆ ಜೀವ.

ಹುಲ್ಲು ಹೋದರೆ

ರೇಷ್ಮೆಗೆ ಮದುವೆಮನೆಗಳ ಆಸರೆಯಾದರೂ ಉಂಟು. ಕಂಬಳಿಯ ಪಾಡು ಹಾಗಲ್ಲ. ಕಾರ್ಖಾನೆಯ ಅಕ್ರಿಲಿಕ್ ಹೊದಿಕೆ ಅಗ್ಗವಾಗಿ, ಬಣ್ಣಬಣ್ಣವಾಗಿ, ಹಗುರಾಗಿ ಮನೆಮನೆಗೆ ಬಂದಿತು. ಕುರಿಗಾಹಿಯೂ ಮಳೆಗೆ ಪ್ಲಾಸ್ಟಿಕ್ಕಿನ ಹಾಳೆಯನ್ನು ಹೊದ್ದ. ಮಾಂಸಕ್ಕೆ ಬೆಲೆ ಬಂದು ಉಣ್ಣೆಗೆ ಬೆಲೆ ಬೀಳಲು, ಬೇಗ ಕೊಬ್ಬುವ, ಉಣ್ಣೆಯಿಲ್ಲದ ತಳಿಗಳ ಟಗರುಗಳು ಹಿಂಡನ್ನು ಸೇರಿದವು. ದಖ್ಖನಿನ ಅನೇಕ ಕಡೆ ಉಣ್ಣೆ ಮಾರಿದ ಹಣ ಅದನ್ನು ಕತ್ತರಿಸಿದ ಕೂಲಿಗೂ ಸಾಲದೆ, ಕತ್ತರಿಸಿದ ತುಪ್ಪಟವನ್ನು ಬೇಲಿಯ ಬದಿಗೆ ಎಸೆಯುವಂತಾಗಿದೆ. ಒಂದು ಕಾಲಕ್ಕೆ ಕಂಕಣವಾಗಿ ಕೈಯನ್ನು ಅಲಂಕರಿಸಿದ ಉಣ್ಣೆ ಕಸವಾಯಿತೆಂದರೆ ಸೋತದ್ದು ಒಂದು ಕಸುಬು ಮಾತ್ರವಲ್ಲ.

ಇದರ ಮೇಲೆ ನೆಲದ ಪ್ರಶ್ನೆ. ಚಳ್ಳಕೆರೆ ತಾಲ್ಲೂಕಿನ ಕುದಾಪುರ, ದೊಡ್ಡ ಉಳ್ಳಾರ್ತಿಗಳ ಸುತ್ತ ಅಮೃತಮಹಲ್ ಕಾವಲುಗಳಿವೆ. ಚಿಕ್ಕದೇವರಾಜ ಒಡೆಯರ ಕಾಲದ 'ಬೆಣ್ಣೆ ಚಾವಡಿ'ಯ ದನಗಳಿಗೂ, ಟೀಪು ಸುಲ್ತಾನನು 'ಅಮೃತಮಹಲ್' ಎಂದು ಹೆಸರಿಟ್ಟ ಆ ತಳಿಗೂ ಮೀಸಲಾಗಿದ್ದ ಹುಲ್ಲುಗಾವಲುಗಳ ಪರಂಪರೆ ಅದು. ಸುತ್ತಲ ಹಳ್ಳಿಗಳ ಕುರಿಗಳೂ ಅಲ್ಲಿಯೇ ಮೇಯುತ್ತಿದ್ದುವು. 2009ರ ಸುಮಾರಿನಿಂದ ಆ ಬಯಲಿನ ಸಾವಿರಾರು ಎಕರೆ ವಿಜ್ಞಾನ ಮತ್ತು ರಕ್ಷಣೆಯ ಸಂಸ್ಥೆಗಳಿಗೆ ಹಂಚಿಕೆಯಾಯಿತು. ಭಾರತೀಯ ವಿಜ್ಞಾನ ಸಂಸ್ಥೆಗೆ 1500 ಎಕರೆ. ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಗೆ 4000ಕ್ಕೂ ಮಿಗಿಲು. ಗೋಡೆಗಳು ಎದ್ದವು, ಹಳ್ಳಿಗರು ತಕರಾರು ತೆಗೆದರು, ಮಾತು ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. 2017ರಲ್ಲಿ ವಿಮಾನ ಪರೀಕ್ಷಾ ನೆಲೆಯ ಉದ್ಘಾಟನೆಯಾಯಿತು. 2023ರ ಏಪ್ರಿಲ್ 2ರಂದು ಇಸ್ರೋದ ರೆಕ್ಕೆಯುಳ್ಳ ವಾಹನವೊಂದು ಹೆಲಿಕಾಪ್ಟರಿನಿಂದ ಬಿಡುಗಡೆಯಾಗಿ, ಚಾಲಕನಿಲ್ಲದೆ ತಾನೇ ದಾರಿ ಹುಡುಕಿಕೊಂಡು ಅಲ್ಲಿಯ ಓಡುಹಾದಿಯ ಮೇಲೆ ಇಳಿಯಿತು.

ಆ ಸಾಧನೆಯ ಬಗ್ಗೆ ಹೆಮ್ಮೆಪಡದ ಭಾರತೀಯನಿಲ್ಲ. ಆದರೆ ಆಕಾಶದಿಂದ ನೋಡಿದರೆ ಬರಡೆಂದು ಕಾಣುವ ಬಯಲು ನೆಲದ ಮೇಲೆ ನಿಂತವನಿಗೆ ಬರಡಲ್ಲ. ಅಲ್ಲಿ ಹುಲ್ಲಿದೆ, ಹುಲ್ಲನ್ನು ನಂಬಿದ ಕುರಿಯಿದೆ, ಕುರಿಯನ್ನು ನಂಬಿದ ಮಗ್ಗವಿದೆ, ಮಗ್ಗವನ್ನು ನಂಬಿದ ಮನೆಯಿದೆ. ಈ ಸರಪಳಿಯ ಮೊದಲ ಕೊಂಡಿಯನ್ನು ಕಳಚಿದಾಗ ಕಡೆಯ ಕೊಂಡಿಗೆ ಏನಾಯಿತೆಂದು ಲೆಕ್ಕ ಹಾಕುವುದೂ ಒಂದು ವಿಜ್ಞಾನವೇ ಸರಿ. ನವಾಹೋ ಕುರಿಗಳ ಕಥೆ ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮನೆಯೊಳಗೊಂದು ಪುಟ್ಟ ಮಗ್ಗ

ಪಟ್ಟಣದ ಸಂಸಾರಗಳು ಇದಕ್ಕೇನು ಮಾಡಬಲ್ಲವು? ಮೊದಲನೆಯದಾಗಿ, ಕೈಕಸಬಿನ ಬೆಲೆ ತಿಳಿಯಬೇಕಾದರೆ ಕೈಯೇ ಒಮ್ಮೆ ಅದನ್ನು ಮಾಡಿ ನೋಡಬೇಕು. ರಜೆಯ ದಿನ ಮಕ್ಕಳು ಮಾಡಬಹುದಾದ ಸುಲಭದ ಮಗ್ಗ ಇಲ್ಲಿದೆ.

ಎಂಟು ಅಂಗುಲ ಉದ್ದ, ಆರು ಅಂಗುಲ ಅಗಲದ ಗಟ್ಟಿ ರಟ್ಟೊಂದನ್ನು ತೆಗೆದುಕೊಳ್ಳಬೇಕು. ಮೇಲಿನ ಮತ್ತು ಕೆಳಗಿನ ಅಂಚುಗಳಲ್ಲಿ, ಎರಡು ಪಕ್ಕಗಳಲ್ಲಿ ಅರ್ಧ ಅಂಗುಲ ಬಿಟ್ಟು, ಕಾಲು ಅಂಗುಲಕ್ಕೊಂದರಂತೆ 21 ಸಣ್ಣ ಕಚ್ಚುಗಳನ್ನು ಕತ್ತರಿಸಬೇಕು. ಗಟ್ಟಿ ಹತ್ತಿದಾರವನ್ನು ಮೊದಲ ಕಚ್ಚಿಗೆ ಕಟ್ಟಿ, ಕೆಳಗಿನ ಮೊದಲ ಕಚ್ಚಿಗೆ ಇಳಿಸಿ, ಅದರ ಪಕ್ಕದ ಹಲ್ಲನ್ನು ಬಳಸಿ ಮೇಲಕ್ಕೆ ತಂದು, ಹೀಗೆ ಕಡೆಯವರೆಗೆ ಸುತ್ತಿದರೆ ಹಾಸು ಸಿದ್ಧ. ಉಣ್ಣೆಯ ನೂಲನ್ನು ದಬ್ಬಳಕ್ಕೆ ಪೋಣಿಸಿ ಒಂದು ಎಳೆಯ ಮೇಲೆ, ಮುಂದಿನ ಎಳೆಯ ಕೆಳಗೆ ಹಾಯಿಸುತ್ತ ಹೋಗಬೇಕು. ಹಿಂದಿರುಗುವಾಗ ಮೇಲಿದ್ದುದು ಕೆಳಗಾಗಬೇಕು. ಒಂದೊಂದು ಸಾಲನ್ನೂ ಹಳೆಯ ಬಾಚಣಿಗೆಯಿಂದ ಒತ್ತಬೇಕು. ನೂಲನ್ನು ಬಿಗಿಯಾಗಿ ಎಳೆದರೆ ನಡು ಸಣ್ಣಗಾಗಿ ಬಟ್ಟೆ ಡಮರುಗದಂತಾಗುತ್ತದೆ. ಆದುದರಿಂದ ಹೊಕ್ಕನ್ನು ಸ್ವಲ್ಪ ಬಿಲ್ಲಿನಂತೆ ಬಾಗಿಸಿಟ್ಟು ಒತ್ತುವುದು ಲೇಸು. ಮುಗಿದ ಮೇಲೆ ರಟ್ಟನ್ನು ತುಸು ಬಗ್ಗಿಸಿದರೆ ನೆಯ್ದ ತುಂಡು ಕಳಚಿಕೊಳ್ಳುತ್ತದೆ. ಲೋಟದ ಕೆಳಗಿಡುವ ಹಾಸು ಅಥವಾ ಗೊಂಬೆಯ ಕಂಬಳಿಯಾಯಿತು.

ಎರಡು ಬಣ್ಣಗಳನ್ನು ಅಕ್ಕಪಕ್ಕದಲ್ಲಿ ನೆಯ್ದು, ಕೂಡುವಲ್ಲಿ ಒಂದನ್ನೊಂದು ತಬ್ಬಿಸದೆ ಹಿಂದಿರುಗಿಸಿದರೆ ನಡುವೆ ಸೀಳು ಉಳಿಯುತ್ತದೆ. ತುರ್ಕಿಯ ಕಿಲಿಮ್ ಜಮಖಾನೆಗಳ ಗುರುತೇ ಆ ಸೀಳು. ತಬ್ಬಿಸಿದರೆ ಮೊಳಕಾಲ್ಮೂರು ಅಂಚಿನ ಗುಟ್ಟು ಕೈಗೆ ಬಂದಂತೆ. ಇನ್ನೂ ಚಿಕ್ಕ ಮಕ್ಕಳಿಗೆ ಮೆಕ್ಸಿಕೋದ ಹುಯಿಚೋಲ್ ಜನರ 'ದೇವರ ಕಣ್ಣು' ತಕ್ಕದ್ದು: ಎರಡು ಕಡ್ಡಿಗಳನ್ನು ಅಡ್ಡಡ್ಡ ಕಟ್ಟಿ, ಒಂದೊಂದು ಕಡ್ಡಿಗೂ ಒಂದು ಸುತ್ತು ಹಾಕುತ್ತ ಬಣ್ಣದ ನೂಲನ್ನು ಹೊರಕ್ಕೆ ಬೆಳೆಸಿದರೆ ಚೌಕದ ಕಣ್ಣು ಅರಳುತ್ತದೆ.

ಅಂಗೈಯಗಲ ನೆಯ್ಯಲು ಒಂದು ಮಧ್ಯಾಹ್ನ ಕಳೆದ ಮಗುವಿಗೆ ಆಳುದ್ದದ ಕಂಬಳಿಯ ಬೆಲೆ ಹೆಚ್ಚಾಯಿತೆಂದು ಎಂದೂ ಅನ್ನಿಸದು. ಕೊಳ್ಳುವಾಗ ಅಸಲು ಯಾವುದು, ನಕಲು ಯಾವುದು ಎಂದು ತಿಳಿಯುವ ಉಪಾಯವೂ ಸರಳ. ಹಿರಿಯರು ಒಂದೇ ಒಂದು ಎಳೆಯನ್ನು ಕಿತ್ತು ದೀಪಕ್ಕೆ ಹಿಡಿಯಲಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು, ಉಳಿದ ಬೂದಿ ಬೆರಳಿಗೆ ಪುಡಿಯಾಗುತ್ತದೆ. ಅಕ್ರಿಲಿಕ್ಕಾದರೆ ಕರಗಿ ಗಟ್ಟಿ ಗುಂಡಾಗುತ್ತದೆ.

ಕರಿಯ ಕಂಬಳಿ ಚುಚ್ಚುತ್ತದೆಂಬ ದೂರು ಹಳೆಯದು. ತೆಳುವಾದ ಹತ್ತಿಯ ದುಪ್ಪಟಿಯನ್ನು ಒಳಗೆ ಹೊದ್ದು ಮೇಲೆ ಕಂಬಳಿಯನ್ನು ಹೊದ್ದರೆ ಚುಚ್ಚುವಿಕೆ ಹೋಗಿ ಬಿಸುಪು ಉಳಿಯುತ್ತದೆ. ಮೆಟ್ಟಿಲ ಬಳಿಯ ಹಾಸಿಗೆ, ಕುರ್ಚಿಯ ಮೆತ್ತೆಗೆ, ಊಟದ ಮನೆಯ ಚಾಪೆಗೆ ಅದರಷ್ಟು ಬಾಳಿಕೆ ಬರುವ ವಸ್ತು ಕಡಿಮೆ. ಹ್ಯಾರಿಸ್ ದ್ವೀಪದ ಒರಟು ಬಟ್ಟೆಯನ್ನು ಲೋಕವೆಲ್ಲ ಹುಡುಕಿ ಕೊಳ್ಳುವಾಗ, ಚಳ್ಳಕೆರೆಯ ಒರಟು ಬಟ್ಟೆಗೆ ಬೆಂಗಳೂರು, ಮೈಸೂರುಗಳ ಮನೆಗಳಲ್ಲಿ ಒಂದೊಂದು ಮೂಲೆ ದೊರೆಯಬಾರದೆ? ಬಳ್ಳಾರಿಗೋ ಹಂಪಿಗೋ ಹೊರಟ ಕುಟುಂಬಗಳು ತಳಕಿನ ದಾರಿಯನ್ನು ಹಿಡಿದು, ಬ್ರಹ್ಮಗಿರಿಯ ಚಪಡನ ಕೈಬರಹವನ್ನೂ, ಕೊಂಡ್ಲಹಳ್ಳಿಯ ಮೂರು ಲಾಳಿಗಳನ್ನೂ ಕಂಡು, ಕಂಬಳಿಯೊಂದನ್ನು ನೇಕಾರನಿಂದಲೇ ಕೊಂಡು ತಂದರೆ, ಬೇಲಿಯ ಬದಿಗೆ ಬೀಳಬೇಕಾಗಿದ್ದ ಒಂದಿಷ್ಟು ಉಣ್ಣೆ ಮತ್ತೆ ಅಜ್ಜಿಯ ಬೆರಳಿಗೆ ಬಂದೀತು.